ಎಂಟು ವರ್ಷದ ಹುಡುಗನ ಮುದಿ ರಕ್ತನಾಳಗಳು

ಹೋದ ತಿಂಗಳು ನನ್ನ ರಕ್ತಪರೀಕ್ಷೆಯಲ್ಲಿ ಬಿ-12 ಕಮ್ಮಿ, ಹೋಮೋಸಿಸ್ಟೀನ್ ಜಾಸ್ತಿ ಅಂತ ಬಂತು. ಅನ್ನ-ಸಾರಿನ ಸಸ್ಯಾಹಾರಿಗೆ ಇದೇನು ಹೊಸದಲ್ಲ ಬಿಡಿ. ಆದರೆ ಆ ಎರಡನೇ ಹೆಸರಿನ ಬೆನ್ನು ಹತ್ತಿದಾಗ ಸಿಕ್ಕಿದ್ದು ನಾನಿರುವ ಬಾಸ್ಟನ್ನಿನದೇ ಕಥೆ.

1933ರಲ್ಲಿ ಇಲ್ಲಿ ಎಂಟು ವರ್ಷದ ಹುಡುಗನೊಬ್ಬ ಪಾರ್ಶ್ವವಾಯುವಿನಿಂದ ತೀರಿಕೊಂಡ. ರಕ್ತನಾಳಗಳು ಮುದುಕರ ನಾಳಗಳ ಹಾಗೆ ಗಟ್ಟಿಯಾಗಿದ್ದವು. ಮೂರು ದಶಕ ಕಳೆದ ಮೇಲೆ ಕಿಲ್ಮರ್ ಮೆಕಲಿ ಎಂಬ ವೈದ್ಯರು ಆ ಹಳೇ ಕೇಸನ್ನು ಮತ್ತೆ ತೆರೆದರು. ನಾವು ತಿನ್ನುವ ಪ್ರೋಟೀನಿನಲ್ಲಿರುವ ಮೆಥಿಯೋನೀನ್ ದೇಹದಲ್ಲಿ ಹೋಮೋಸಿಸ್ಟೀನ್ ಆಗುತ್ತೆ. ಅದು ಮುಂದೆ ಇನ್ನೊಂದಾಗಿ ಬದಲಾಗಬೇಕು. ಹುಡುಗನಲ್ಲಿ ಹಾಗಾಗದೆ ರಕ್ತದಲ್ಲೇ ತುಂಬಿಕೊಂಡಿತ್ತು. ಹಾಗಾದ್ರೆ ಇಬ್ಬರಲ್ಲಿ ಕಳ್ಳ ಯಾರು? ಉತ್ತರ ಕೊಟ್ಟಿದ್ದು ತೀರಿಕೊಂಡ ಇನ್ನೊಂದು ಎರಡು ತಿಂಗಳ ಕೂಸು. ಅದರಲ್ಲಿ ಮೆಥಿಯೋನೀನ್ ಕಮ್ಮಿ, ಹೋಮೋಸಿಸ್ಟೀನ್ ಜಾಸ್ತಿ, ನಾಳಗಳು ಹಾಗೇ ಹಾಳು!

1969ರಲ್ಲಿ ಮೆಕಲಿ ಇದನ್ನು ಪ್ರಕಟಿಸಿದರು. ಕೊಲೆಸ್ಟ್ರಾಲಿನ ಕಾಲವದು, ಕಿವಿಗೊಟ್ಟವರು ಕಡಿಮೆ. 1970ರ ದಶಕದ ಕೊನೆಗೆ ಹಾರ್ವರ್ಡಿನ ಕೆಲಸವೂ ಹೋಯ್ತು. 1990ರ ದಶಕದಲ್ಲಿ ದೊಡ್ಡ ಅಧ್ಯಯನಗಳೇ ಅವರ ಕಡೆ ತಿರುಗಿದವು.

ಸಿನಿಮಾ ಆಗಿದ್ರೆ ಇಲ್ಲಿಗೆ ಶುಭಂ. ಆದರೆ 2006ರಲ್ಲಿ ನಾರ್ವೆಯಿಂದ, ಹೃದಯಾಘಾತವಾಗಿದ್ದ 3,749 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಫೋಲಿಕ್ ಆಮ್ಲ, ಬಿ-12 ತಗೊಂಡವರಲ್ಲಿ ಹೋಮೋಸಿಸ್ಟೀನ್ 27% ಇಳೀತು, ಹೃದಯಾಘಾತ ಇಳೀಲಿಲ್ಲ.

ನಮ್ಮ ಕೆಲಸದಲ್ಲೂ ಹೀಗೇ: ವಾರ್ನಿಂಗ್ ನಿಂತ ಮಾತ್ರಕ್ಕೆ ಬಗ್ ಹೋದಂತಲ್ಲ. ಆ ಮಕ್ಕಳ ಮಟ್ಟಿಗೆ ಮೆಕಲಿ ಕಂಡದ್ದು ನಿಜ. ನಮ್ಮಂಥವರಲ್ಲಿ ಅದು ಕಾರಣವೋ, ಬರೀ ಸೂಚನೆಯೋ ಅನ್ನೋದು ಬೇರೆ ಪ್ರಶ್ನೆ.

ನಾನಂತೂ ಬಿ-12 ಮಾತ್ರೆ ನುಂಗ್ತಿದ್ದೀನಿ. ನರಗಳಿಗೆ, ರಕ್ತಕ್ಕೆ ಅದು ಬೇಕೇ ಬೇಕು. ಹೃದಯಕ್ಕೆ? ಸಂಜೆ ವಾಕಿಂಗ್ ಬಿಟ್ಟಿಲ್ಲ!