ವಾಹನದ ಸ್ಮೃತಿ: ಕ್ಯಾಲಿಫೋರ್ನಿಯದ ಹೊಗೆಪರೀಕ್ಷೆಯ ಇತಿಹಾಸದಲ್ಲಿ ಒಂದು ವಿಚಾರ

ಬರಹವನ್ನು ಅಳಿಸಿಹಾಕಿದ ಶಿಲೆಗೂ ಎಂದೂ ಬರಹವನ್ನೇ ಕಾಣದ ಶಿಲೆಗೂ ಇರುವ ಭೇದವನ್ನು ಗುರುತಿಸುವುದು ಶಾಸನಾಭ್ಯಾಸಿಯ ಮೊದಲ ಕೆಲಸಗಳಲ್ಲೊಂದು. ನೋಟಕ್ಕೆ ಎರಡೂ ಬರಿದೇ. ಆದರೆ ಒಂದರ ಮೌನಕ್ಕೆ ಕಾರಣವುಂಟು. ದಾಖಲೆಯ ಅಭಾವವನ್ನು ದೋಷದ ಅಭಾವವೆಂದು ತಿಳಿಯಬಾರದೆಂಬ ಈ ತತ್ತ್ವವು ಆಡಳಿತದ ನಿಯಮಗಳಲ್ಲಿ ಹೇಗೆ ರೂಪುಗೊಳ್ಳುತ್ತದೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಮೋಟಾರು ವಾಹನಗಳ ಹೊಗೆಪರೀಕ್ಷೆ ಸ್ಪಷ್ಟವಾದ ನಿದರ್ಶನ. ಹಳೆಯ ಕಾರಿನೊಳಗಿನ ಕಂಪ್ಯೂಟರನ್ನು ಆ ಪರೀಕ್ಷೆಗೆ ಅಣಿಗೊಳಿಸುವ ಕ್ರಮವು ಹೊರನೋಟಕ್ಕೆ ಕೇವಲ ಮೆಕ್ಯಾನಿಕ್ಕನ ವಿಷಯವಾಗಿ ಕಂಡರೂ, ಅದರ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದನ್ನು ಸಂಗ್ರಹವಾಗಿ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧೯೪೩ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ದಟ್ಟವಾದ ಮಬ್ಬು ಆವರಿಸಿತು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ಜನರು ಮೊದಲು ತಪ್ಪು ಹೊರಿಸಿದರು. ಆದರೆ ಅಲ್ಲಿಯ ಕೆಲಸ ನಿಂತಮೇಲೂ ಮಬ್ಬು ತೊಲಗಲಿಲ್ಲ. ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅನಾನಸಿನ ಪರಿಮಳದ ರಸಾಯನವನ್ನು ಶೋಧಿಸುತ್ತಿದ್ದ ಡಚ್ ಮೂಲದ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್ ಅವರು ೧೯೫೦ರ ಸುಮಾರಿಗೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಹೈಡ್ರೋಕಾರ್ಬನ್‌ಗಳೂ ನೈಟ್ರೋಜನ್ ಆಕ್ಸೈಡುಗಳೂ ಸೂರ್ಯನ ಬೆಳಕಿನಲ್ಲಿ ಸಂಯೋಗಹೊಂದಿ ಈ ವಿಷವಾಯುವನ್ನುಂಟುಮಾಡುತ್ತವೆಂದು ತೋರಿಸಿಕೊಟ್ಟರು. ಈ ವಸ್ತುಗಳ ಮುಖ್ಯವಾದ ಮೂಲಗಳಲ್ಲೊಂದು ನಗರವಾಸಿಗಳ ಮೋಟಾರುಗಾಡಿಗಳೇ ಆಗಿದ್ದವು. ೧೯೬೭ರಲ್ಲಿ ಆ ಸಂಸ್ಥಾನದ ವಾಯು ಸಂಪನ್ಮೂಲ ಮಂಡಲಿ ಸ್ಥಾಪಿತವಾದಾಗ ಅವರೇ ಅದರ ಪ್ರಥಮಾಧ್ಯಕ್ಷರಾದರು. ೧೯೭೦ರ ಕೇಂದ್ರ ಶಾಸನದ ಒತ್ತಾಯದಿಂದ ೧೯೭೫ರ ಮಾದರಿಯ ಕಾರುಗಳಲ್ಲಿ, ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನವು ವ್ಯಾಪಕವಾಗಿ ಬಳಕೆಗೆ ಬಂದಿತು.

ಆದರೆ ಸಾಧನವನ್ನು ಅಳವಡಿಸಿದ ಮಾತ್ರಕ್ಕೆ ಅದು ಕೊನೆಯವರೆಗೂ ಕೆಲಸಮಾಡುತ್ತದೆಂಬ ಭರವಸೆಯಿಲ್ಲ. ೧೯೮೪ರಲ್ಲಿ ಕ್ಯಾಲಿಫೋರ್ನಿಯವು ಎರಡು ವರ್ಷಗಳಿಗೊಮ್ಮೆ ವಾಹನಗಳ ಹೊಗೆಯನ್ನು ಅಳೆಯುವ ಪದ್ಧತಿಯನ್ನು ಜಾರಿಗೆ ತಂದಿತು. ಈ ಪದ್ಧತಿಯ ಕೊರತೆಯೂ ಸ್ಪಷ್ಟವಾಗಿತ್ತು: ಎರಡು ವರ್ಷಗಳ ನಡವಳಿಕೆಯನ್ನು ಕೆಲವು ನಿಮಿಷಗಳ ಉಸಿರಿನಿಂದ ಅಳೆಯುವುದು ಎಷ್ಟರಮಟ್ಟಿಗೆ ನಂಬತಕ್ಕದ್ದು? ಆದುದರಿಂದ ವಾಹನವೇ ತನ್ನನ್ನು ತಾನು ಗಮನಿಸಿ ದೋಷವನ್ನು ಬರೆದಿಡುವಂತೆ ಮಾಡುವ ವಿಚಾರ ಬೆಳೆಯಿತು. ೧೯೮೫ರಲ್ಲಿ ಅಂಗೀಕೃತವಾದ ಮೊದಲ ನಿಯಮಗಳು ೧೯೮೮ರ ಮಾದರಿಗಳಿಂದ ಜಾರಿಗೆ ಬಂದವು. ಇವಕ್ಕಿಂತ ಬಹು ವಿಸ್ತಾರವಾದ ಎರಡನೆಯ ಪದ್ಧತಿಯು ೧೯೯೪ರಿಂದ ಹಂತಹಂತವಾಗಿ ಬಂದು, ೧೯೯೬ರ ಮಾದರಿಯಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಹದಿನಾರು ಕಡ್ಡಿಗಳ ಒಂದೇ ಬಗೆಯ ಜೋಡಣೆಯ ಮೂಲಕ ಯಾವ ಕಂಪೆನಿಯ ಕಾರಿನ ದಫ್ತರವನ್ನಾದರೂ ಪರೀಕ್ಷಕನು ಓದಬಹುದಾಯಿತು.

ಈ ಪದ್ಧತಿಯಲ್ಲಿ ಕಂಪ್ಯೂಟರು ಮಾಡುವ ಸ್ವಪರೀಕ್ಷೆಗಳು ಎರಡು ಬಗೆ. ಎಂಜಿನ್ನಿನಲ್ಲಿ ಇಂಧನವು ಸರಿಯಾಗಿ ಉರಿಯುತ್ತಿದೆಯೇ ಎಂಬಂಥವು ಸತತವಾಗಿ ನಡೆಯುತ್ತವೆ. ಕನ್ವರ್ಟರು, ಆಕ್ಸಿಜನ್ ಸೆನ್ಸರುಗಳು, ಪೆಟ್ರೋಲಿನ ಆವಿಯನ್ನು ತಡೆಹಿಡಿಯುವ ವ್ಯವಸ್ಥೆ ಇವುಗಳ ಪರೀಕ್ಷೆಗಳಾದರೋ ತಕ್ಕ ಸನ್ನಿವೇಶ ಒದಗಿದಾಗ ಮಾತ್ರ ನಡೆಯುವಂಥವು. ಒಂದೊಂದು ಪರೀಕ್ಷೆಯೂ ಮುಗಿದಾಗ ಅದರ ಹೆಸರಿನ ಮುಂದೆ 'ಸಿದ್ಧ' ಎಂಬ ಗುರುತು ಬೀಳುತ್ತದೆ. ಬ್ಯಾಟರಿಯನ್ನು ಬಿಚ್ಚಿದರೆ ಅಥವಾ ಉಪಕರಣದಿಂದ ದೋಷಸಂಕೇತಗಳನ್ನು ಅಳಿಸಿದರೆ, ಎಚ್ಚರಿಕೆಯ ದೀಪದೊಡನೆ ಈ ಗುರುತುಗಳೂ ಸಾಮಾನ್ಯವಾಗಿ ಅಳಿದುಹೋಗುತ್ತವೆ. ದೀಪ ಆರಿದ ಕಾರು ಸ್ವಸ್ಥವಾಗಿರಬಹುದು. ಅದರ ನೆನಪನ್ನು ಒರಸಿರಲೂಬಹುದು. 'ಸಿದ್ಧ' ಎಂಬ ಗುರುತುಗಳೇ ಇಲ್ಲದಿದ್ದಲ್ಲಿ ಎರಡನೆಯ ಸಂಶಯಕ್ಕೆ ಆಸ್ಪದವುಂಟು.

ಇದಕ್ಕಾಗಿಯೇ ನಿಯಮಗಳು ಸಿದ್ಧತೆಯ ಸಾಕ್ಷ್ಯವನ್ನು ಕೇಳುತ್ತವೆ. ೨೦೦೧ರ ಕೇಂದ್ರ ನಿಯಮವು ೧೯೯೬ರಿಂದ ೨೦೦೦ದವರೆಗಿನ ಮಾದರಿಗಳಿಗೆ ಎರಡು, ಅನಂತರದವುಗಳಿಗೆ ಒಂದು ಅಪೂರ್ಣ ಪರೀಕ್ಷೆಯನ್ನು ಮನ್ನಿಸಿತು. ಕ್ಯಾಲಿಫೋರ್ನಿಯದ ನಿಯಮ ಇನ್ನೂ ಬಿಗಿಯಾದುದು. ಅಲ್ಲಿ ೨೦೧೫ರ ಮಾರ್ಚಿಯಿಂದ ೨೦೦೦ ಮತ್ತು ಅನಂತರದ ಪೆಟ್ರೋಲ್ ಕಾರುಗಳ ಕೊಳವೆಯಲ್ಲಿ ಹೊಗೆಯನ್ನು ಅಳೆಯುವುದನ್ನೇ ಬಿಟ್ಟು, ಕಂಪ್ಯೂಟರಿನ ದಾಖಲೆಯನ್ನು ಪ್ರಧಾನ ಪ್ರಮಾಣವಾಗಿ ಸ್ವೀಕರಿಸಲಾಯಿತು. ಈ ಕಾರುಗಳಲ್ಲಿ ಆವಿಯ ಪರೀಕ್ಷೆಯೊಂದು ಮಾತ್ರ ಅಪೂರ್ಣವಾಗಿರಬಹುದು.

ಇನ್ನು ಅಣಿಗೊಳಿಸುವ ಕ್ರಮ. ಮೊದಲು ದೋಷವನ್ನು ನಿಜವಾಗಿ ಸರಿಪಡಿಸಬೇಕು. ದೋಷವಿರುವಾಗ ಎಷ್ಟು ಓಡಿಸಿದರೂ ದೀಪ ಮತ್ತೆ ಹೊತ್ತಿಕೊಳ್ಳುವುದು ಸಹಜ. ಬ್ಯಾಟರಿ ಗಟ್ಟಿಯಾಗಿರಬೇಕು. ಪೆಟ್ರೋಲ್ ಟ್ಯಾಂಕು ಕಾಲುಭಾಗಕ್ಕೂ ಮುಕ್ಕಾಲು ಭಾಗಕ್ಕೂ ನಡುವೆ ತುಂಬಿರುವುದು ಲೇಸು, ಏಕೆಂದರೆ ಟ್ಯಾಂಕು ತೀರ ತುಂಬಿದ್ದರೂ ತೀರ ಬರಿದಾಗಿದ್ದರೂ ಆವಿಯ ಪರೀಕ್ಷೆ ನಡೆಯದು. ರಾತ್ರಿಯಿಡೀ ನಿಲ್ಲಿಸಿ, ಎಂಜಿನ್ನು ಪೂರ್ಣವಾಗಿ ತಣಿದ ಮೇಲೆ ಹೊರಡಿಸಬೇಕು. ಕೆಲವು ನಿಮಿಷ ನಿಂತಲ್ಲೇ ಓಡಲುಬಿಟ್ಟು, ಊರಿನ ಬೀದಿಗಳಲ್ಲಿ ನಿಂತು ಹೊರಟು, ಆಮೇಲೆ ಹೆದ್ದಾರಿಯಲ್ಲಿ ಏಕರೀತಿಯ ವೇಗದಿಂದ ಸಾಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯುವಂತೆ ಬಿಡಬೇಕು. ಏಕರೀತಿಯ ಓಟದಲ್ಲಿ ಕಂಪ್ಯೂಟರು ಕನ್ವರ್ಟರಿನ ಮುಂದಿನ ಮತ್ತು ಹಿಂದಿನ ಸೆನ್ಸರುಗಳನ್ನು ಹೋಲಿಸಿ ನೋಡುತ್ತದೆ: ಮುಂದಿನದು ಏರಿಳಿಯುತ್ತಿರುವಾಗ ಹಿಂದಿನದು ಬಹುಮಟ್ಟಿಗೆ ಸ್ಥಿರವಾಗಿದ್ದರೆ ಕನ್ವರ್ಟರು ಸರಿಯಾಗಿದೆಯೆಂದರ್ಥ. ಕ್ರಮದ ವಿವರಗಳು ಕಂಪೆನಿಯಿಂದ ಕಂಪೆನಿಗೆ ಬೇರೆಯಾದುದರಿಂದ ಆ ಕಾರಿನ ಕೈಪಿಡಿಯನ್ನೇ ಅನುಸರಿಸತಕ್ಕದ್ದು. ಕೆಲವು ಕಾರುಗಳಿಗೆ ಒಂದು ದಿನ ಸಾಲದು. ಪರೀಕ್ಷೆಗೆ ಹೋಗುವ ಮುನ್ನ ಅಗ್ಗದ ಓದುಯಂತ್ರವೊಂದರಿಂದ ಗುರುತುಗಳನ್ನು ನೋಡಿಕೊಂಡರೆ ವೃಥಾ ಶುಲ್ಕ ತಪ್ಪುತ್ತದೆ.

ದೋಷವನ್ನು ಅಳಿಸಿ, ಅದು ಮರುಕಳಿಸುವ ಮುನ್ನವೇ ಪರೀಕ್ಷೆಯನ್ನು ದಾಟುವ ಯುಕ್ತಿಗೂ ಕಾಲಕ್ರಮದಲ್ಲಿ ತಡೆ ಬಂದಿತು. ೨೦೧೦ರ ಮಾದರಿಯಿಂದ ಹಂತಹಂತವಾಗಿ, ಬ್ಯಾಟರಿ ಬಿಚ್ಚಿದರೂ ಅಳಿಯದ ಶಾಶ್ವತ ಸಂಕೇತಗಳನ್ನು ಅಳವಡಿಸಲಾಯಿತು. ದೋಷ ಹೋಗಿದೆಯೆಂದು ವಾಹನಕ್ಕೇ ಮನವರಿಕೆಯಾದಾಗಲೇ ಅವು ಅಳಿಯುವುವು. ಕ್ಯಾಲಿಫೋರ್ನಿಯವು ೨೦೧೯ರ ಜುಲೈ ೧ರಿಂದ ಇವನ್ನೂ ಪರಿಗಣಿಸತೊಡಗಿತು. ಆದರೆ ಅಳಿಸಿದ ಮೇಲೆ ೧೫ ಸಲ ಎಂಜಿನ್ನು ಕಾದು ೨೦೦ ಮೈಲಿ ಓಡಿದ್ದರೆ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ನಿಯಮಗಳ ಭಾರ ಯಾರ ಮೇಲೆ ಬೀಳುತ್ತದೆ? ಕ್ಯಾಲಿಫೋರ್ನಿಯದ ಶಾಸನದಂತೆ, ಸಾಮಾನ್ಯವಾಗಿ, ಹಳೆಯ ಕಾರನ್ನು ಮಾರುವವನೇ ಹೊಗೆಪರೀಕ್ಷೆಯ ಪ್ರಮಾಣಪತ್ರವನ್ನು ಒದಗಿಸಬೇಕು. ಕೊಳ್ಳುವವನಿಗೆ ಇದು ದೊಡ್ಡ ರಕ್ಷಣೆ. ಆದರೆ ಬೇರೆ ಸಂಸ್ಥಾನದಲ್ಲಿ ಕೊಂಡು ತಂದ ಹಳೆಯ ಕಾರನ್ನು ನೋಂದಾಯಿಸುವಾಗ, ಹಿಂದಿನವನು ಒರಸಿದ ನೆನಪಿನ ಫಲವನ್ನು ಕೊಂಡವನೇ ಉಣ್ಣಬೇಕಾಗುತ್ತದೆ. ನಿತ್ಯದ ಜೀವನೋಪಾಯಕ್ಕೆ ಅದೇ ಕಾರನ್ನು ನಂಬಿದವನಿಗೆ ಒಂದು ಕನ್ವರ್ಟರಿನ ಬೆಲೆ ಅಲ್ಪವಲ್ಲ. ಕೊಳ್ಳುವ ಮುನ್ನ ಸಿದ್ಧತೆಯ ಗುರುತುಗಳನ್ನು ಓದುವವನು ಆ ಕಾರಿನ ಚರಿತ್ರೆಯನ್ನೇ ಓದುತ್ತಾನೆ.

ದಾಖಲೆಯನ್ನು ಬರೆಯುವವನೇ ಸುಳ್ಳಾಡಿದರೆ ಏನು ಗತಿ ಎಂಬ ಪ್ರಶ್ನೆ ಉಳಿಯುತ್ತದೆ. ೨೦೧೫ರ ಸೆಪ್ಟೆಂಬರ್ ೧೮ರಂದು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆಯು, ಫೋಕ್ಸ್‌ವ್ಯಾಗನ್ ಕಂಪೆನಿಯ ಡೀಸೆಲ್ ಕಾರುಗಳು ಪರೀಕ್ಷೆಯ ಸಮಯವನ್ನು ಗುರುತಿಸಿ ಆಗಮಾತ್ರ ಹೊಗೆಯನ್ನು ನಿಗ್ರಹಿಸುತ್ತಿದ್ದುವೆಂದು ಪ್ರಕಟಿಸಿತು. ಈ ವಂಚನೆ ಬಯಲಾಗಲು ದಾರಿ ತೋರಿಸಿದ್ದು, ಉಪಕರಣಗಳನ್ನು ಕಾರಿನಲ್ಲೇ ಹೊತ್ತು ರಸ್ತೆಯ ಮೇಲೆ ಹೊಗೆಯನ್ನು ಅಳೆದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದ ಸಂಶೋಧಕರು. ಒಳಗಿನ ದಾಖಲೆಯನ್ನು ಹೊರಗಿನ ಸಾಕ್ಷ್ಯದಿಂದ ತಾಳೆನೋಡುವುದು ಇತಿಹಾಸಕಾರನಿಗೆ ಹೊಸದಾದ ಪಾಠವೇನೂ ಅಲ್ಲ. ಜನರು ಉಸಿರಾಡುವ ಗಾಳಿ ಅದರ ಮೇಲೆ ನಿಂತಿರುವಾಗ, ಆ ಪಾಠವನ್ನು ಶಾಸನಕರ್ತರೂ ಮರೆಯಲಾಗದು.