ಗುರಾಣಿಕ ಗ್ರಂಥಿಯ ಮಾಂದ್ಯವೂ ಮೈನೋವೂ: ಪರೇಲಿನ ವೈದ್ಯಚರಿತ್ರೆಯ ಒಂದು ಅಧ್ಯಾಯ

ಪರೇಲು ಎಂದೊಡನೆ ಹಳೆಯ ಮುಂಬಯಿಗರ ಮನಸ್ಸಿನಲ್ಲಿ ಮೂಡುವುದು ಬಟ್ಟೆಗಿರಣಿಗಳ ಚಿಮಣಿಗಳು, ಪಾಳಿ ಬದಲಾಗುವಾಗ ಕೂಗುತ್ತಿದ್ದ ಭೋಂಗಾ, ಚಾಳುಗಳ ಸಾಲು. ಆದರೆ ಅದೇ ಪರೇಲಿನಲ್ಲಿ, ಒಂದು ಮೈಲಿಗೂ ಕಡಿಮೆಯಾದ ಅಂತರದೊಳಗೆ, ಭಾರತದ ವೈದ್ಯಚರಿತ್ರೆಯ ನಾಲ್ಕು ಮುಖ್ಯ ಸಂಸ್ಥೆಗಳು ಒಂದರ ಮಗ್ಗುಲಲ್ಲಿ ಒಂದು ಬೆಳೆದುವು. 1926ರಲ್ಲಿ ಕೆ. ಇ. ಎಂ. ಆಸ್ಪತ್ರೆ, 1929ರಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ, 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ, 1963ರಲ್ಲಿ ವಿಕಿರಣ ವೈದ್ಯಕೇಂದ್ರ. ಥೈರಾಯ್ಡ್ ಅಥವಾ ಗುರಾಣಿಕ ಎಂಬ ಗ್ರಂಥಿಯ ವಿಷಯದಲ್ಲಿ ಈ ದೇಶಕ್ಕೆ ದೊರೆತ ತಿಳಿವಳಿಕೆಯ ಗಣನೀಯ ಭಾಗ ಈ ನೆಲದಲ್ಲಿಯೇ ಸಂಪಾದಿತವಾದುದು. ಈ ಗ್ರಂಥಿ ಮಂದವಾದಾಗ ಮೈಯಲ್ಲಿ ಹುಟ್ಟುವ ನೋವನ್ನೂ ಅದರ ಚಿಕಿತ್ಸೆಯನ್ನೂ ಕುರಿತ ಚರಿತ್ರೆ ವೈದ್ಯರಿಗೆ ಮಾತ್ರ ಸಂಬಂಧಿಸಿದುದಲ್ಲ. ರೋಗಿಯ ಮಾತನ್ನು ನಂಬುವುದೆಂದರೇನು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಕತ್ತಿನ ಮುಂಭಾಗದಲ್ಲಿ ಉಸಿರುನಾಳವನ್ನು ತಬ್ಬಿಕೊಂಡಂತೆ ಕುಳಿತಿರುವ ಈ ನಿರ್ನಾಳ ಗ್ರಂಥಿ ಊದಿಕೊಳ್ಳುವುದು ನಮ್ಮ ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಗಂಟಲ ಪಕ್ಕದಲ್ಲಿ ಒಂದೇ ಗಂಟು ಎದ್ದರೆ ಗಲಗಂಡ, ಹಲವು ಎದ್ದರೆ ಗಂಡಮಾಲೆ ಎಂದು ಚರಕಸಂಹಿತೆ ವಿಂಗಡಿಸುತ್ತದೆ. ಸುಶ್ರುತಸಂಹಿತೆಯೂ ಗಲಗಂಡದ ಲಕ್ಷಣಗಳನ್ನು ವಿವರಿಸುತ್ತದೆ. ಕನ್ನಡದ ಗಳಗಂಡ ಎಂಬ ಮಾತು ಆ ಪರಂಪರೆಯಿಂದಲೇ ಬಂದುದು. ಆದರೆ ಪ್ರಾಚೀನರು ಕಂಡದ್ದು ಊತವನ್ನು. ಊತವಿಲ್ಲದೆಯೂ ಗ್ರಂಥಿ ಸೋಲಬಹುದು, ಹಾಗೆ ಸೋತಾಗ ಕತ್ತಿನಲ್ಲಿ ಏನೂ ಕಾಣದೆ ತೋಳು, ತೊಡೆ, ಸೊಂಟಗಳಲ್ಲಿ ನೋವು ಕಾಣಿಸಬಹುದು ಎಂಬ ಅರಿವು ಬರಲು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಕಾಯಬೇಕಾಯಿತು.

1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯನು ಪ್ರೌಢ ವಯಸ್ಸಿನ ಹೆಂಗಸರಲ್ಲಿ ಕಾಣುವ ಒಂದು ವಿಚಿತ್ರ ಸ್ಥಿತಿಯನ್ನು ವರ್ಣಿಸಿದನು. ಮುಖ ಬಾತುಕೊಂಡು, ಮಾತು ದಪ್ಪವಾಗಿ, ಚಲನೆಯೂ ಬುದ್ಧಿಯೂ ನಿಧಾನವಾಗುವ ಸ್ಥಿತಿಯದು. ವಿಲಿಯಂ ಆರ್ಡ್ 1878ರಲ್ಲಿ ಅದಕ್ಕೆ ಮಿಕ್ಸಿಡೀಮಾ ಎಂದು ಹೆಸರಿಟ್ಟನು. ಇದಕ್ಕೂ ಗುರಾಣಿಕ ಗ್ರಂಥಿಗೂ ಇರುವ ನಂಟು ಸ್ಪಷ್ಟವಾದುದು ಒಂದು ದುರಂತದ ಮೂಲಕ. ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೊಡೋರ್ ಕೋಖರ್ ಗಳಗಂಡದ ರೋಗಿಗಳ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕುವುದರಲ್ಲಿ ಅಸಾಧಾರಣ ಕೈಚಳಕ ಪಡೆದಿದ್ದನು. 1883ರಲ್ಲಿ ಅವನು ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಸಿ ಪರೀಕ್ಷಿಸಿದಾಗ, ಗ್ರಂಥಿಯನ್ನು ಸಂಪೂರ್ಣವಾಗಿ ಕಳೆದುಕೊಂಡವರಲ್ಲಿ ಅನೇಕರು ಜಡರಾಗಿ, ಬಾತುಕೊಂಡು, ಬಳಲಿಹೋಗಿದ್ದುದನ್ನು ಕಂಡನು. ಅವರು ಮೊದಲು ಹೇಳಿಕೊಂಡ ದೂರುಗಳೆಂದರೆ ಆಯಾಸ, ಕೈಕಾಲುಗಳ ಭಾರ, ಕೆಲವರಲ್ಲಿ ಕೈಕಾಲು ಕತ್ತು ಭುಜಗಳಲ್ಲಿ ಸೆಳೆತದ ನೋವು. ತನ್ನ ಶಸ್ತ್ರಚಿಕಿತ್ಸೆಯೇ ಈ ಸಂಕಟಕ್ಕೆ ಕಾರಣವೆಂಬುದನ್ನು ಕೋಖರ್ ಮುಚ್ಚಿಡದೆ ಪ್ರಕಟಿಸಿದನು. 1909ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಶಸ್ತ್ರವೈದ್ಯನ ಕೀರ್ತಿಯಲ್ಲಿ ಆ ಪ್ರಾಮಾಣಿಕತೆಗೂ ಪಾಲು ಸಲ್ಲಬೇಕು. 1888ರಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಸಮಿತಿ ನೂರಕ್ಕೂ ಹೆಚ್ಚು ರೋಗಿಗಳ ವೃತ್ತಾಂತಗಳನ್ನು ಪರಿಶೀಲಿಸಿ, ಗಲ್ ಕಂಡ ರೋಗವೂ ಕೋಖರ್ ಕಂಡ ರೋಗವೂ ಒಂದೇ, ಎರಡಕ್ಕೂ ಗ್ರಂಥಿಯ ನಷ್ಟವೇ ಮೂಲ ಎಂದು ತೀರ್ಮಾನಿಸಿತು.

ಮೂಲ ತಿಳಿದ ಮೇಲೆ ಮದ್ದು ದೂರವಿರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಊರಿನ ಜಾರ್ಜ್ ಮರೆ ಎಂಬ ತರುಣ ವೈದ್ಯನು ಕುರಿಯ ಗ್ರಂಥಿಯಿಂದ ತೆಗೆದ ರಸವನ್ನು ನಲವತ್ತಾರು ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದನು. ಆಕೆ ಚೇತರಿಸಿಕೊಂಡು ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದಳು. ಮರುವರ್ಷವೇ ಆ ರಸವನ್ನು ಬಾಯಿಂದ ಕೊಟ್ಟರೂ ಸಾಕೆಂಬುದು ಗೊತ್ತಾಯಿತು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಅದರ ಸಾರವಾದ ಥೈರಾಕ್ಸಿನ್ನನ್ನು ಹರಳುರೂಪದಲ್ಲಿ ಬೇರ್ಪಡಿಸಿದನು. 1927ರ ಹೊತ್ತಿಗೆ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಇಂದು ಬೆಳಗ್ಗೆ ಎದ್ದೊಡನೆ ಮುಂಬಯಿಯ ಅಸಂಖ್ಯ ಮನೆಗಳಲ್ಲಿ ನುಂಗಲಾಗುವ ಸಣ್ಣ ಬಿಳಿಯ ಗುಳಿಗೆಯ ವಂಶಾವಳಿ ಇದು.

ಗ್ರಂಥಿ ಮಂದವಾದರೆ ಮೈ ಏಕೆ ನೋಯಬೇಕು? ಥೈರಾಕ್ಸಿನ್ ದೇಹದ ಪ್ರತಿಯೊಂದು ಜೀವಕೋಶದ ಕೆಲಸದ ವೇಗವನ್ನು ನಿಯಂತ್ರಿಸುತ್ತದೆ. ಅದು ಕಡಿಮೆಯಾದಾಗ ಸ್ನಾಯು ಶಕ್ತಿಯನ್ನು ಉತ್ಪಾದಿಸುವುದೂ ನಿಧಾನ, ಒಮ್ಮೆ ಬಿಗಿದ ಮೇಲೆ ಸಡಿಲಗೊಳ್ಳುವುದೂ ನಿಧಾನ. ಆದುದರಿಂದ ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಳ್ಳುತ್ತದೆ, ರಾತ್ರಿ ಮೀನಖಂಡ ಸೆಳೆಯುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಪಾದ ಚಿಮ್ಮಿ, ಮರಳಿ ಬರಲು ತಡಮಾಡುತ್ತದೆ. ರಕ್ತಪರೀಕ್ಷೆ ಸುಲಭವಾಗುವ ಮೊದಲು ವೈದ್ಯರು ಈ ತಡವನ್ನೇ ರೋಗದ ಸಾಕ್ಷಿಯಾಗಿ ಬಳಸುತ್ತಿದ್ದರು. ಇನ್ನೊಂದು ಕಾರಣವೂ ಉಂಟು. ನೀರನ್ನು ಹಿಡಿದಿಡುವ ಒಂದು ಬಗೆಯ ಅಂಟುದ್ರವ್ಯ ಊತಕಗಳಲ್ಲಿ ಸಂಗ್ರಹವಾಗುತ್ತದೆ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಅದು ನರವನ್ನು ಒತ್ತಿದಾಗ ಬೆರಳುಗಳು ಜೋಮು ಹಿಡಿದು ಉರಿಯುತ್ತವೆ. ಇದಲ್ಲದೆ, ನೋವನ್ನು ತಾಳುವ ಹೊಸ್ತಿಲೇ ಈ ರೋಗದಲ್ಲಿ ಬದಲಾಗುತ್ತದೆಯೇ ಎಂದು ಸಂಶೋಧಕರು ಅಳೆದು ನೋಡಿದ್ದಾರೆ. ಅಳತೆಗಳೆಲ್ಲ ಒಂದೇ ಉತ್ತರವನ್ನು ಕೊಟ್ಟಿಲ್ಲವಾದರೂ, ಮೈನೋವು ಈ ರೋಗದ ಸಾಮಾನ್ಯ ಲಕ್ಷಣಗಳಲ್ಲೊಂದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ನೋವಿಗೆ ಕೊಡುವ ಮದ್ದಿನ ಪ್ರಶ್ನೆ ಇನ್ನೂ ಗಂಭೀರವಾದುದು. ಗ್ರಂಥಿ ಮಂದವಾದವರಲ್ಲಿ ಯಕೃತ್ತು ಮೂತ್ರಪಿಂಡಗಳು ಔಷಧವನ್ನು ಹೊರಹಾಕುವುದು ನಿಧಾನವಾಗುತ್ತದೆ. ಉಸಿರಾಟವನ್ನು ಪ್ರಚೋದಿಸುವ ಮಿದುಳಿನ ಎಚ್ಚರವೂ ಕುಗ್ಗಿರುತ್ತದೆ. ಅಫೀಮಿನಿಂದ ಬಂದ ಮಾರ್ಫೀನ್ ಮೊದಲಾದ ನೋವುಶಾಮಕಗಳು, ನಿದ್ರೆಯ ಮಾತ್ರೆಗಳು, ಅರಿವಳಿಕೆ, ಇವು ಸಾಮಾನ್ಯ ಪ್ರಮಾಣದಲ್ಲಿಯೇ ತೀವ್ರ ರೋಗಿಯನ್ನು ಪ್ರಜ್ಞಾಹೀನತೆಗೆ ದೂಡಬಲ್ಲುವು. ಮೂಲವನ್ನು ಗುರುತಿಸದೆ ನೋವನ್ನು ಮಾತ್ರ ಅಡಗಿಸಲು ಹೊರಟರೆ, ಉಪಶಮನವೇ ಅಪಾಯವಾಗಿ ಪರಿಣಮಿಸುತ್ತದೆ. ಕೊಬ್ಬಿಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ಸ್ನಾಯುನೋವು ಬರುವ ಸಂಭವವೂ ಇವರಲ್ಲಿ ಹೆಚ್ಚು. ರಕ್ತದಲ್ಲಿ ಕೊಲೆಸ್ಟರಾಲ್ ಏರುವುದು ಈ ರೋಗದ ಪರಿಣಾಮವೇ ಆಗಿರುವುದರಿಂದ, ಗ್ರಂಥಿಯನ್ನು ಪರೀಕ್ಷಿಸದೆ ಆ ಮಾತ್ರೆಯನ್ನು ಕೊಡುವುದು ಒಂದು ಬಾಕಿಯನ್ನು ತೀರಿಸಲು ಇನ್ನೊಂದು ಸಾಲ ಮಾಡಿದಂತೆ.

ಈ ಚರಿತ್ರೆ ಮುಂಬಯಿಯನ್ನು ಪ್ರವೇಶಿಸುವುದು ಅಣುವಿಜ್ಞಾನದ ಬಾಗಿಲಿನಿಂದ. ಗುರಾಣಿಕ ಗ್ರಂಥಿ ಅಯೋಡಿನ್ನನ್ನು ಹೀರಿಕೊಳ್ಳುತ್ತದೆ. ವಿಕಿರಣಶೀಲವಾದ ಅಯೋಡಿನ್ ಕೊಟ್ಟರೂ ಅದು ಭೇದವೆಣಿಸದೆ ಹೀರುತ್ತದೆ. ಈ ಗುಣವನ್ನು ಬಳಸಿಕೊಂಡು 1941ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಸ್ ಮೊದಲ ಬಾರಿಗೆ ರೋಗಿಗೆ ಚಿಕಿತ್ಸೆ ನೀಡಿದನು. ಆದರೆ ಅಯೋಡಿನ್-131ರ ಶಕ್ತಿ ಎಂಟು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಇಷ್ಟು ಅಲ್ಪ ಮುದ್ದತಿನ ವಸ್ತುವನ್ನು ಸಮುದ್ರದಾಚೆಯಿಂದ ತರಿಸಿ ಕೂಡಿಡುವಂತಿಲ್ಲ. ಅದು ದೇಶದಲ್ಲಿಯೇ, ಆಸ್ಪತ್ರೆಯ ಸಮೀಪದಲ್ಲಿಯೇ ತಯಾರಾಗಬೇಕು. ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಅಪ್ಸರಾ, 1960ರಲ್ಲಿ ಸೈರಸ್ ಕ್ರಿಯಾಕಾರಿಗಳು ಚಾಲನೆಗೆ ಬಂದ ಮೇಲೆ ಅದು ಸಾಧ್ಯವಾಯಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ವರ್ಷ ದುಡಿದು ಬಂದ ಹೋಮಿ ಭಾಭಾ ಈ ಕಾರ್ಯದ ನಾಯಕರು. ತುಮಕೂರಿನಲ್ಲಿ 1925ರಲ್ಲಿ ಹುಟ್ಟಿ, 1972ರಲ್ಲಿ ಟ್ರಾಂಬೆಯ ಕೇಂದ್ರದ ನಿರ್ದೇಶಕರಾದ ರಾಜಾ ರಾಮಣ್ಣನವರು ಅಲ್ಲಿ ದುಡಿದ ಕನ್ನಡಿಗರಲ್ಲಿ ಪ್ರಮುಖರು. 1962ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಿತು. ಮರುವರ್ಷ ಪರೇಲಿನಲ್ಲಿ ವಿಕಿರಣ ವೈದ್ಯಕೇಂದ್ರ ತೆರೆಯಿತು. ಡಾ. ಆರ್. ಡಿ. ಗಣಾತ್ರಾ ಮೊದಲಾದವರ ಮಾರ್ಗದರ್ಶನದಲ್ಲಿ ಅದು ದೇಶದ ಅಣುವೈದ್ಯಕ್ಕೆ ಗುರುಕುಲವಾಯಿತು.

ಇಲ್ಲಿಯೇ ಈ ಚರಿತ್ರೆಯ ಅತ್ಯಂತ ಕಠಿನವಾದ ಪ್ರಕರಣ ಎದುರಾಗುತ್ತದೆ. ಗುರಾಣಿಕ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ, ಉಳಿದ ಕಣಗಳನ್ನು ಸುಡಲು ವಿಕಿರಣಶೀಲ ಅಯೋಡಿನ್ ಕೊಡುತ್ತಾರೆ. ಆ ಕಣಗಳು ಅದನ್ನು ಆತುರದಿಂದ ಹೀರಬೇಕಾದರೆ ದೇಹ ಥೈರಾಕ್ಸಿನ್ನಿಗಾಗಿ ಹಸಿದಿರಬೇಕು. ಆದುದರಿಂದ ರೋಗಿಗೆ ನಾಲ್ಕರಿಂದ ಆರು ವಾರ ಗುಳಿಗೆಯನ್ನು ನಿಲ್ಲಿಸುತ್ತಾರೆ. ಕೆಲವು ದಿನ ಅಯೋಡಿನ್ ಬೆರೆಸಿದ ಉಪ್ಪು, ಸಮುದ್ರದ ಮೀನು ವರ್ಜ್ಯ. ಅಂದರೆ ಕೋಖರ್ ಅರಿಯದೆ ಉಂಟುಮಾಡಿದ ಸ್ಥಿತಿಯನ್ನು ವೈದ್ಯರು ಇಲ್ಲಿ ಅರಿತೇ, ರೋಗಿಯ ಒಪ್ಪಿಗೆಯಿಂದ, ಮಿತ ಕಾಲಕ್ಕೆ ಉಂಟುಮಾಡುತ್ತಾರೆ. ಗುಳಿಗೆ ನಿಂತ ಕೆಲವು ವಾರಗಳಲ್ಲಿ ಚಳಿ, ಮಲಬದ್ಧತೆ, ಮರೆವು, ಕೈಕಾಲು ನೋವು, ಸೆಳೆತ ಇವು ಕ್ರಮವಾಗಿ ಬರುತ್ತವೆ. ಗುಳಿಗೆಯನ್ನು ಮರಳಿ ಆರಂಭಿಸಿದ ಕೆಲವು ವಾರಗಳಲ್ಲಿ ಕ್ರಮವಾಗಿಯೇ ಹಿಂತೆಗೆಯುತ್ತವೆ. ನೋವಿಗೂ ಗ್ರಂಥಿಗೂ ಇರುವ ಕಾರ್ಯಕಾರಣ ಸಂಬಂಧಕ್ಕೆ ಇದಕ್ಕಿಂತ ನೇರವಾದ ಪ್ರಮಾಣ ದೊರೆಯುವುದು ವಿರಳ. ಒಂದೇ ದೇಹದಲ್ಲಿ ಕಾರಣ ಹೋದಾಗ ನೋವು ಬಂದಿತು. ಕಾರಣ ಮರಳಿದಾಗ ನೋವು ಹೋಯಿತು. ಈ ಉಪವಾಸವನ್ನು ತಪ್ಪಿಸುವ ಚುಚ್ಚುಮದ್ದು 1998ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಆದರೆ ಅದರ ಬೆಲೆ ದುಬಾರಿಯಾದುದರಿಂದ ನಮ್ಮಲ್ಲಿ ಬಹಳ ರೋಗಿಗಳಿಗೆ ಹಳೆಯ ಕ್ರಮವೇ ಗತಿ.

ಅದೇ ಪರೇಲಿನ ವಾಡಿಯಾ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಡಾ. ಮೀನಾ ದೇಸಾಯಿ ಮತ್ತು ಅವರ ಸಂಗಡಿಗರು ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿ, ಸುಮಾರು 2,640 ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಈ ಮಾಂದ್ಯವಿರುವುದನ್ನು ತೋರಿಸಿದರು. ಆ ಶಿಶುವಿಗೆ ತನ್ನ ಕಷ್ಟವನ್ನು ಹೇಳುವ ಬಾಯಿಲ್ಲ. ಮೊದಲ ಕೆಲವು ವಾರಗಳಲ್ಲಿ ಗುಳಿಗೆ ದೊರೆತರೆ ಬುದ್ಧಿ ಬೆಳೆಯುತ್ತದೆ, ತಪ್ಪಿದರೆ ಆ ನಷ್ಟ ತುಂಬಿಬರುವುದಿಲ್ಲ. ವಯಸ್ಕರ ವಿಷಯದಲ್ಲಿ, ಮುಂಬಯಿ ಬೆಂಗಳೂರುಗಳೂ ಸೇರಿದಂತೆ ಎಂಟು ನಗರಗಳ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನೂರಕ್ಕೆ ಸುಮಾರು 11 ಮಂದಿಯಲ್ಲಿ ಗ್ರಂಥಿಯ ಮಾಂದ್ಯವನ್ನು ಕಂಡಿತು. ಮುಂಬಯಿಯಂತಹ ಕಡಲತೀರದ ನಗರಗಳಲ್ಲಿ ಪ್ರಮಾಣ ಕೊಂಚ ಕಡಿಮೆ, ಒಳನಾಡಿನ ನಗರಗಳಲ್ಲಿ ಕೊಂಚ ಹೆಚ್ಚು. ಹೆಂಗಸರಲ್ಲಿ ಗಂಡಸರಿಗಿಂತ ಅಧಿಕ.

ಕಡಲುಪ್ಪನ್ನು ತಿನ್ನುವವರಿಗೆ ಅಯೋಡಿನ್ನಿನ ಕೊರತೆ ಬಾರದೆಂಬ ನಂಬಿಕೆಯೊಂದುಂಟು. ವಡಾಳಾ, ಭಾಂಡುಪಗಳ ಉಪ್ಪಿನ ಗದ್ದೆಗಳನ್ನು ಕಂಡ ಮುಂಬಯಿಗರಿಗೆ ಇದು ಸಹಜವಾಗಿ ತೋರಬಹುದು. ಆದರೆ ನೀರು ಆರಿ ಹರಳುಗಟ್ಟಿದ ಉಪ್ಪಿನಲ್ಲಿ ಅಯೋಡಿನ್ ಉಳಿಯುವುದು ಅತ್ಯಲ್ಪ. ಅದನ್ನು ಬೆರೆಸಲೇಬೇಕು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗ ಇದನ್ನು ಸಿದ್ಧಪಡಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದ ಚಿಕ್ಕಮಗಳೂರು, ಕೊಡಗುಗಳಂತಹ ಮಲೆನಾಡ ಸೀಮೆಗಳಿಗೂ ಗಳಗಂಡ ಹೊಸದಲ್ಲ. ಆದರೆ ಇಂದಿನ ನಗರವಾಸಿ ವಯಸ್ಕರಲ್ಲಿ ಮಾಂದ್ಯಕ್ಕೆ ಮುಖ್ಯ ಕಾರಣ ಉಪ್ಪಿನ ಕೊರತೆಯಲ್ಲ. ದೇಹದ ರಕ್ಷಣಾಶಕ್ತಿಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವ, 1912ರಲ್ಲಿ ಜಪಾನಿನ ಹಾಶಿಮೋಟೊ ವರ್ಣಿಸಿದ ರೋಗ ಅದು.

ಚಿಕಿತ್ಸೆ ಸರಳವಾದರೂ ಶಿಸ್ತನ್ನು ಬೇಡುತ್ತದೆ. ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಕಬ್ಬಿಣ, ಸುಣ್ಣದ ಅಂಶವುಳ್ಳ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆಗಳ ಅಂತರ ಬೇಕು. ಕನ್ನಡಿಗರ ಮನೆಯ ಬೆಳಗಿನ ಕಾಫಿಯೂ ಅದು ಮೈಗೆ ಹತ್ತುವುದನ್ನು ತಡೆಯುವುದರಿಂದ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯುವುದು ಮೇಲು. ವೃದ್ಧರಲ್ಲಿಯೂ ಹೃದ್ರೋಗಿಗಳಲ್ಲಿಯೂ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಬೇಕು. ಪ್ರಮಾಣ ಬದಲಾದ ಮೇಲೆ ರಕ್ತದ ಲೆಕ್ಕ ಸರಿಹೋಗಲು ಸುಮಾರು ಆರು ವಾರ ಹಿಡಿಯುತ್ತದೆ. ಸ್ನಾಯುಗಳ ನೋವು ಇಳಿಯಲು ತಿಂಗಳುಗಳೇ ಬೇಕಾಗಬಹುದು. ಎಲ್ಲ ನೋವೂ ಹೋಗುತ್ತದೆಂಬ ಭರವಸೆಯೂ ಇಲ್ಲ, ಏಕೆಂದರೆ ಸಂಧಿವಾತ, ಫೈಬ್ರೊಮಯಾಲ್ಜಿಯಾ ಮೊದಲಾದ ಬೇರೆ ರೋಗಗಳು ಇದರ ಜೊತೆಯಲ್ಲಿಯೇ ಇರಬಹುದು. ಆಗ ಅವುಗಳಿಗೆ ಬೇರೆ ಚಿಕಿತ್ಸೆ ಬೇಕೇ ಹೊರತು, ಗುಳಿಗೆಯ ಪ್ರಮಾಣವನ್ನು ಏರಿಸುತ್ತ ಹೋಗುವುದು ತರವಲ್ಲ. ಹೆಚ್ಚಾದರೆ ಹೃದಯದ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಕೊನೆಗೆ ಈ ಚರಿತ್ರೆಯಿಂದ ಹೊರಡುವ ನಿರ್ಣಯವೊಂದಿದೆ. ಗಲ್‌ನ ಕಾಲದಿಂದಲೂ ಈ ರೋಗಕ್ಕೆ ಹೆಚ್ಚಾಗಿ ತುತ್ತಾದವರು ನಡುವಯಸ್ಸಿನ ಹೆಂಗಸರು. ಮೈಕೈ ನೋವು, ಆಯಾಸ ಎಂದರೆ ಮನೆಗೆಲಸದ ದಣಿವೆಂದೋ ವಯಸ್ಸಿನ ಧರ್ಮವೆಂದೋ ಸೋಮಾರಿತನವೆಂದೋ ತಳ್ಳಿಹಾಕುವ ರೂಢಿ ಚಾಳಿನಲ್ಲಿಯೂ ಬಂಗಲೆಯಲ್ಲಿಯೂ ಒಂದೇ. ಆ ನೋವು ರಕ್ತದಲ್ಲಿ ಅಳೆಯಬಹುದಾದ ಕೊರತೆಯೆಂಬುದನ್ನು ವಿಜ್ಞಾನ ತೋರಿಸಿಕೊಟ್ಟುದು, ಕೋಖರ್ ತನ್ನ ಹಳೆಯ ರೋಗಿಗಳನ್ನು ಕರೆಸಿ ಅವರ ದೂರನ್ನು ಕುಳಿತು ಕೇಳಿದುದರಿಂದ. ಪರೇಲಿನ ಪ್ರಯೋಗಶಾಲೆಗಳು ಆ ಕೇಳುವಿಕೆಗೆ ಸೂಕ್ಷ್ಮವಾದ ಉಪಕರಣಗಳನ್ನು ಒದಗಿಸಿದುವು. ಉಪಕರಣ ಎಷ್ಟೇ ಸೂಕ್ಷ್ಮವಾಗಲಿ, "ಮೈಯೆಲ್ಲ ನೋಯುತ್ತದೆ" ಎಂಬ ಮಾತನ್ನು ಮನೆಯವರು ಮೊದಲು ನಂಬಿದರೆ ಮಾತ್ರ ರೋಗಿ ಆ ಉಪಕರಣದ ಬಳಿಗೆ ಬಂದು ತಲುಪುತ್ತಾಳೆ.