ಲಾರಿ ಒಬ್ಬರದು, ಓಡಿಸುವವರು ಇನ್ನೊಬ್ಬರು: ಅಪಘಾತವಾದರೆ ಹೊಣೆ ಯಾರದು?

ಲಾರಿ ಅಣ್ಣನ ಕಂಪನಿಯ ಹೆಸರಿನಲ್ಲಿದೆ. ತಮ್ಮನ ಸಾಗಣೆ ಕಂಪನಿ ಅದನ್ನು ಲೀಸ್‌ಗೆ ಪಡೆದು ಓಡಿಸುತ್ತಿದೆ. ಛಾಪಾ ಕಾಗದದ ಮೇಲೆ ಕರಾರು ಬರೆದರೆ ಸಾಕು, ಹೊಣೆಯೂ ಕೈ ಬದಲಾಯಿಸುತ್ತದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ಅರ್ಧ ಸತ್ಯ. ಅಣ್ಣತಮ್ಮಂದಿರದ್ದಾದರೂ ಕಾನೂನಿನ ಕಣ್ಣಲ್ಲಿ ಎರಡೂ ಕಂಪನಿಗಳು ಬೇರೆ ಬೇರೆ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30)ರ ಪ್ರಕಾರ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು. ಲೀಸ್ ಒಪ್ಪಂದವಿದ್ದರೆ, ಅದರಡಿ ವಾಹನವನ್ನು ವಶದಲ್ಲಿ ಇಟ್ಟುಕೊಂಡವರು ಮಾಲೀಕರೆನಿಸುತ್ತಾರೆ. ಆದರೆ ಆ ಒಪ್ಪಂದವನ್ನು ಸಾಬೀತುಪಡಿಸಬೇಕು. ಅದಕ್ಕೆ ಗಟ್ಟಿ ದಾರಿ, ಸೆಕ್ಷನ್ 51ರಂತೆ ಲೀಸನ್ನು ಆರ್‌ಸಿಯಲ್ಲೇ ನಮೂದಿಸುವುದು.

ದಾಖಲೆಯ ತೂಕ ಎಷ್ಟೆಂದು ತಿಳಿಯಲು 2018ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ನೋಡಬಹುದು. ಕಾರು ಹಲವರ ಕೈ ದಾಟಿ ಮಾರಾಟವಾಗಿದ್ದರೂ ಆರ್‌ಸಿ ಬದಲಾಗಿರಲಿಲ್ಲ. ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು ಕೋರ್ಟ್ ಹೇಳಿತು.

ಪರ್ಮಿಟ್ ಕೂಡ ಲಾರಿಯ ಹಿಂದೆ ತಾನಾಗಿ ಹೋಗುವುದಿಲ್ಲ. ಸೆಕ್ಷನ್ 82ರಂತೆ ಅದರ ವರ್ಗಾವಣೆಗೆ ಸಾರಿಗೆ ಪ್ರಾಧಿಕಾರದ ಅನುಮತಿ ಬೇಕು.

ಆದ್ದರಿಂದ ಕೀಲಿ ಕೊಡುವ ಮೊದಲು ಆರ್‌ಸಿ, ಪರ್ಮಿಟ್, ವಿಮೆ ಈ ಮೂರರಲ್ಲೂ ಯಾರ ಹೆಸರಿದೆ ಎಂದು ನೋಡಿಕೊಳ್ಳೋಣ.